ನನ್ನ ವಿರುದ್ಧದ ಮೇಲ್ಮನವಿ ನನ್ನ ಟೇಬಲ್ಲಿಗೇ ಬಂತು

ಅಧಿಕಾರಕ್ಕಾಗಿ ಜನ ಬಡಿದಾಡುತ್ತಾರೆ ಅಂತ ಕೇಳಿದ್ದೆ. ಬನಶಂಕರಿಯ ನಮ್ಮ ಪಾಲಿಕೆ ಕಚೇರಿಗೆ ಗುಮಾಸ್ತನಾಗಿ ಸೇರಿದ ಮೇಲೆ ನೋಡಿದರೆ, ಇಲ್ಲಿ ಅದನ್ನು ಮದುವೆಮನೆಯಲ್ಲಿ ಮಿಕ್ಕ ಬೂಂದಿಯ ಹಾಗೆ ಪಕ್ಕದವರ ಎಲೆಗೆ ಸುರಿಯುತ್ತಾರೆ. ಕಡತದ ಭಾಷೆಯಲ್ಲಿ ಇದಕ್ಕೆ ಅಧಿಕಾರ ಪ್ರತ್ಯಾಯೋಜನೆ ಅಂತ ಹೆಸರು. ಅಂಗಡಿ ಲೈಸೆನ್ಸ್ ಸಿಗದವರ ಮೇಲ್ಮನವಿಗಳನ್ನು ದೊಡ್ಡ ಸಾಹೇಬರು ತೀರ್ಮಾನಿಸಬೇಕು. ಅವರು ಒಂದು ಆದೇಶ ಹೊರಡಿಸಿ ಆ ಅಧಿಕಾರವನ್ನು ಚಿಕ್ಕ ಸಾಹೇಬರಿಗೆ ದಾಟಿಸಿದರು. ಚಿಕ್ಕ ಸಾಹೇಬರು ಆದೇಶದ ಗೊಡವೆಗೂ ಹೋಗದೆ, ನೀನೇ ವಿಚಾರಿಸಿ ಬರೆದಿಡಪ್ಪಾ, ಸೈನ್ ಹಾಕ್ತೀನಿ ಅಂತ ಕಾಫಿಗೆ ಎದ್ದರು. ಅವರ ಮೂಗಿನ ದನಿ ನನಗೆ ಎಷ್ಟು ಕರಗತವೆಂದರೆ, ಒಮ್ಮೆ ಬಾಗಿಲಲ್ಲಿ ನಿಂತು ಅವರ ಹಾಗೆ ಕೆಮ್ಮಿದ್ದಕ್ಕೆ ಇಡೀ ಸೆಕ್ಷನ್ನು ಮೊಬೈಲ್ ಡ್ರಾಯರಿಗೆ ಹಾಕಿತ್ತು. ಅಧಿಕಾರ ಬಂದ ಮೇಲೆ ದನಿಯೂ ಬರಬೇಡವೇ?

ಮೊದಲು ಬಂದವರು ಗಂಗಮ್ಮ. ವಿಜಯಪುರದ ಕಡೆಯವರು, ಹೊಸಕೆರೆಹಳ್ಳಿಯಲ್ಲಿ ಜೋಳದ ರೊಟ್ಟಿ ಅಂಗಡಿ ಇಡಬೇಕು. ತಿಂಗಳೊಳಗೆ ಬಾಗಿಲು ತೆಗೆಯದಿದ್ದರೆ ಮಳಿಗೆಯನ್ನು ಬೇಕರಿಯವರಿಗೆ ಕೊಡುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದರಂತೆ. ನಾನು ಮೂಗು ಬಿಗಿಹಿಡಿದು, "ಅರ್ಜಿ ಯಾಕಮ್ಮಾ ತಿರಸ್ಕೃತ ಆಯ್ತು?" ಅಂದೆ.

"ಯಾರೋ ಬಂದು ನೋಡಿ, ಅಂಗಡಿ ನಡದಿಲ್ಲ ಅಂತ ಬರದ್ರಂತ್ರೀ ಸಾಹೇಬ್ರ. ಲೈಸೆನ್ಸ್ ಇಲ್ದ ಬಾಗ್ಲಾ ತೆಗೀಬ್ಯಾಡ್ರಿ ಅಂತ ನಿಮ್ಮ ಆಫೀಸ್‌ನ್ಯಾಗನ ಹೇಳಿದ್ರು. ನಾ ತೆಗೀಲಿಲ್ಲ."

ಯಾರಪ್ಪ ಆ ಮಹಾ ಬುದ್ಧಿವಂತ ಅಂತ ಸಾಹೇಬರ ಗತ್ತಿನಲ್ಲೇ ಫೈಲು ತಿರುವಿದೆ. ಸ್ಥಳ ಪರಿಶೀಲನೆಯ ಕೆಳಗೆ ನನ್ನದೇ ಸಹಿ. ಆವತ್ತು ಮುಚ್ಚಿದ ಶಟರ್ ನೋಡಿ, ಸ್ಕೂಟರಿನ ಸೀಟಿನ ಮೇಲೇ ಎರಡು ಸಾಲು ಗೀಚಿ, ಪಕ್ಕದ ಹೋಟೆಲಿಗೆ ಮಸಾಲೆದೋಸೆಗೆ ನುಗ್ಗಿದ್ದೆ. "ಅಯ್ಯೋ" ಅಂದೆ. ಅದು ನನ್ನ ಸ್ವಂತ ದನಿ.

ಗಂಗಮ್ಮ ಕಣ್ಣು ಕಿರಿದು ಮಾಡಿದರು. "ಈಗ ಗುರ್ತ ಹತ್ತಿತು ನೋಡಪಾ. ಆವತ್ತ ನನ್ನ ಶಟರ್ ಮುಂದಿನ ಗಾಡಿ ಸರಸು ಅಂದ್ರ ಸರ್ಕಾರಿ ಕೆಲಸ ಅಂದಾವ ನೀನ ಅಲ್ಲೇನು?"

ಚಿಕ್ಕ ಸಾಹೇಬರ ಬಳಿ ಓಡಿದೆ. ಸಾರ್, ದೂರು ನನ್ನ ಮೇಲೇ ಇದೆ, ನೀವೇ ವಿಚಾರಿಸಿ ಅಂತ ಗೋಗರೆದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿನ್ನ ತಪ್ಪು ನಿನಗಿಂತ ಚೆನ್ನಾಗಿ ಇನ್ಯಾರಿಗಪ್ಪಾ ಗೊತ್ತಿರುತ್ತೆ?"

ಸರಿ, ಬರೆದೆ. 'ಪರಿಶೀಲಿಸಿದ ನೌಕರರು ಲವಲೇಶವೂ ವಿವೇಚನೆ ಬಳಸಿರುವುದಿಲ್ಲ. ಮೇಲ್ಮನವಿ ಪುರಸ್ಕರಿಸಿದೆ.' ಸಾಹೇಬರು ಸಹಿ ಹಾಕಿ, ಸದರಿ ನೌಕರರಿಂದ ವಿವರಣೆ ಪಡೆಯಿರಿ ಅಂತ ಹಸಿರು ಇಂಕಿನಲ್ಲಿ ಸೇರಿಸಿದರು. ನೋಟಿಸು ಟೈಪ್ ಮಾಡಿದವನೂ ನಾನೇ, ತಗೊಂಡವನೂ ನಾನೇ.

ಗಂಗಮ್ಮನ ಅಂಗಡಿ ಈಗ ಭರ್ಜರಿಯಾಗಿ ನಡೆಯುತ್ತಿದೆ. ಎಣ್ಣೆಗಾಯಿ ಪಲ್ಯದ ಆಸೆಗೆ ನಾನೂ ಹೋಗುತ್ತೇನೆ. ನನ್ನನ್ನು ಕಂಡ ಕೂಡಲೇ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೂಗು ಬಿಗಿಹಿಡಿದು, "ಯಾಕಮ್ಮಾ ತಿರಸ್ಕೃತ ಆಯ್ತು?" ಅನ್ನುತ್ತಾರೆ. ಗಿರಾಕಿಗಳೆಲ್ಲ ಬಿದ್ದು ಬಿದ್ದು ನಗುತ್ತಾರೆ. ಹೊಟ್ಟೆಕಿಚ್ಚು ಬಿಟ್ಟು ಹೇಳಬೇಕೆಂದರೆ, ನನಗಿಂತ ಚೆನ್ನಾಗಿ ಮಾಡುತ್ತಾರೆ. ಇದರ ವಿರುದ್ಧ ಮೇಲ್ಮನವಿ ಹಾಕೋಣವೆಂದರೆ, ಅದನ್ನು ವಿಚಾರಿಸುವವನ ವಿವೇಚನೆ ಎಷ್ಟರಮಟ್ಟಿನದು ಅಂತ ನಾನೇ ಬರೆದಾಗಿದೆಯಲ್ಲ.