ವೀರಗಲ್ಲಿನ ದಾರಿಯಲ್ಲಿ ಲೇಡೀಸ್ ಸೈಕಲ್ಲು

ಸೈಕಲ್ ತುಳಿದುಕೊಂಡು ಹಳೆಯ ಕಲ್ಲುಗಳನ್ನು ನೋಡಲು ಹೋಗುವ ಹೆಂಗಸಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗದಿರಲಿ ಎಂದು ನಾನು ಬಹಳ ಎಚ್ಚರ ವಹಿಸಿದ್ದೆ. ಪ್ರಯೋಜನವಾಗಲಿಲ್ಲ.

ಅರವತ್ತರ ದಶಕದ ಕೊನೆಯ ಮಾತು. ಪುರಾತನ ಸ್ಮಾರಕಗಳ ವಿವರ ಕಲೆಹಾಕುವ ಸರ್ಕಾರಿ ಕಚೇರಿಯೊಂದರಲ್ಲಿ ನನಗೆ ಕೆಲಸ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ವೀರಗಲ್ಲು, ಶಾಸನ, ಮಂಟಪ, ಕಲ್ಯಾಣಿಗಳು ಇನ್ನೂ ಉಳಿದಿವೆಯೇ ಎಂದು ನೋಡಿ ಬರಬೇಕು. ತಾಲ್ಲೂಕು ಕೇಂದ್ರದವರೆಗೆ ಬಸ್ಸು. ಸೈಕಲ್ಲು ಬಸ್ಸಿನ ಮೇಲೆ. ಅಲ್ಲಿಂದಾಚೆಗೆ ನಾನು ಸೈಕಲ್ಲಿನ ಮೇಲೆ, ಸೈಕಲ್ಲು ಜಲ್ಲಿಯ ಮೇಲೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು. ಜಲ್ಲಿಯ ಮೇಲೆ ಹಾಗೆ ಕೂತರೆ ಬೆನ್ನು ಏನಾಗುತ್ತದೆಂದು ಅವರು ಯೋಚಿಸಿರಲಿಲ್ಲ.

ಹೊರಡುವ ಮುನ್ನ ನಮ್ಮ ಮೇಲಧಿಕಾರಿಗಳು ಕರೆದು ಹೇಳಿದರು: "ಈ ಬೇಸಿಗೆ ಹೋಗಿ ಬನ್ನಿ, ನೋಡೋಣ. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಅನ್ನಿಸಿದ ದಿನ ನಿಮ್ಮನ್ನ ಇಲ್ಲೇ ನಕಲು ಮಾಡೋ ಮೇಜಿಗೆ ಕೂರಿಸ್ತೀನಿ." ಆ ಮೇಜಿನ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ದಿನವಿಡೀ ಸೀನುವ ಗುಮಾಸ್ತರು. ನನಗೆ ಜಲ್ಲಿಯೇ ಮೇಲೆನಿಸಿತು.

೧. ಯಾರ ಮನೆಗೆ?

ಅರಿಶಿನಕುಂಟೆಯಿಂದ ಒಳಗೆ ತಿರುಗಿ ಒಂದು ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ವೀರಗಲ್ಲು ಎಲ್ಲಿದೆ ಎಂದು ಕೇಳಿದೆ.

"ಯಾರ ಮನೆಗೆ ಬಂದಿದ್ದೀಯವ್ವ?"

"ಯಾರ ಮನೆಗೂ ಅಲ್ಲ. ಕಲ್ಲು ನೋಡುವುದಕ್ಕೆ."

ಕಟ್ಟೆಯ ಮೇಲಿದ್ದವರು ಪರಸ್ಪರ ಮುಖ ನೋಡಿಕೊಂಡರು. ಉರಿಬಿಸಿಲಿನಲ್ಲಿ ಒಬ್ಬಳೇ ಹೆಂಗಸು, ಕೈಯಲ್ಲಿ ಚೀಲ, ಕಲ್ಲು ನೋಡಲು ಬಂದೆ ಎನ್ನುತ್ತಾಳೆ. ಅವರಿಗೆ ಎಲ್ಲವೂ ಅರ್ಥವಾಗಿಹೋಯಿತು. ಒಳಗಿನಿಂದ ಮಜ್ಜಿಗೆ ಬಂತು. ಚಾಪೆ ಬಂತು. ಹೆಂಗಸರು ಬಂದು ಸುತ್ತ ಕೂತರು. ಹಿರಿಯರು ಗಂಟಲು ಸರಿಮಾಡಿಕೊಂಡರು.

"ನೋಡವ್ವ, ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ. ಅದಕ್ಕೆ ಗಂಡನ್ನ ಬಿಟ್ಟು ಸೈಕಲ್ ಹತ್ತಿ ಬಂದ್ಬಿಡೋದಾ? ನಮ್ಮ ಹುಡುಗರು ಇಬ್ಬರು ಜೊತೆಗೆ ಬರ್ತಾರೆ. ಮನೆಗೆ ಬಿಟ್ಟು, ಅವನಿಗೂ ಎರಡು ಬುದ್ಧಿ ಮಾತು ಹೇಳಿ ಬರ್ತಾರೆ. ಎಲ್ಲಿ ಅವನ ಕೆಲಸ?"

ಇವರು ಕಚೇರಿಯವರೆಗೆ ಬಂದರೆ ನಾನು ಮರುದಿನವೇ ಆ ಮೇಜಿನ ಮುಂದೆ. ಆದ್ದರಿಂದ ಸ್ಪಷ್ಟವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ: "ನನಗೆ ಮದುವೆ ಆಗಿಲ್ಲ."

ಮಜ್ಜಿಗೆ ತಂದ ಹೆಂಗಸೇ ಕೇಳಿದಳು: "ಮದುವೇನೇ ಆಗ್ದಲೆ ಯಾರ ಮೇಲೆ ಕೋಪ ಮಾಡ್ಕೊಂಡು ಬಂದೆ ತಾಯಿ?"

೨. ಹಿಂದೆ ಬೀಳುವ ಸೌಕರ್ಯ

ದೊಡ್ಡಬಳ್ಳಾಪುರದ ಆಚೆ ಒಂದು ಹಳೆಯ ಮಂಟಪಕ್ಕೆ ಹೋಗುವ ರಸ್ತೆಯಲ್ಲಿ ಆ ವಾರವೇ ಹೊಸ ಜಲ್ಲಿ ಸುರಿದಿದ್ದರು. ಸುರಿದ ಜಲ್ಲಿಯಲ್ಲಿ ಚಕ್ರ ಉರುಳುವುದಿಲ್ಲ, ಹೂತುಹೋಗುತ್ತದೆ. ಮುಂದೆ ರೋಲರ್ ಒಂದು ಹೋಗುತ್ತಿತ್ತು. ಅದು ಹೋದ ಜಾಡು ಮಾತ್ರ ನುಣ್ಣಗಿತ್ತು. ನಾನು ಅದರ ಹಿಂದೆ ಸೇರಿಕೊಂಡೆ.

ರೋಲರ್ ಎಮ್ಮೆಗಿಂತ ನಿಧಾನ. ಅಷ್ಟು ನಿಧಾನವಾಗಿ ಸೈಕಲ್ ತುಳಿಯುವುದು ಮನುಷ್ಯಮಾತ್ರರಿಂದ ಆಗುವುದಿಲ್ಲ. ನಾನು ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ರೋಲರ್ ನಡೆಸುತ್ತಿದ್ದ ವಯಸ್ಸಾದ ಸಾಬರು ಪ್ರತಿ ಸಲ ಯಂತ್ರ ನಿಲ್ಲಿಸಿ, ನಾನು ಏಳುವ ತನಕ ಕಾದು, ಮತ್ತೆ ಹೊರಡುತ್ತಿದ್ದರು. ಅವರ ಸೌಜನ್ಯ ನೋಡಿ ನನಗೆ ಇನ್ನಷ್ಟು ಆಯಾಸವಾಯಿತು.

"ನಾನೇ ಮುಂದೆ ಹೋಗಿಬಿಡುತ್ತೇನೆ, ದಾರಿ ಬಿಡಿ," ಎಂದೆ.

ಸಾಬರು ಎರಡೂ ಕೈ ಮುಗಿದರು. "ಬೇಡಮ್ಮಾ. ಬೀಳೋದಿದ್ರೆ ಹಿಂದೇನೇ ಬೀಳಿ. ಮುಂದೆ ಬಿದ್ರೆ ನನ್ನ ಕೆಲಸ ಹೋಗುತ್ತೆ."

ಕೆಲಸ ಹೋಗುವ ಭಯ ನನಗೂ ಇತ್ತು. ಹಿಂದೆಯೇ ಬೀಳುತ್ತ ಹೋದೆ.

೩. ಹೊಸ ದೇವರು

ಶಾಸನದ ಅಚ್ಚು ತೆಗೆಯುವ ಕ್ರಮ ಹೀಗೆ: ಕಲ್ಲನ್ನು ತೊಳೆದು ಉಜ್ಜಬೇಕು, ಒದ್ದೆ ಕಾಗದವನ್ನು ಅಂಟಿಸಿ ಬ್ರಷ್ಷಿನಿಂದ ಬಡಿಯಬೇಕು, ಅರೆಬರೆ ಒಣಗಿದ ಮೇಲೆ ಮಸಿ ಒತ್ತಬೇಕು. ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರ ಒಂದು ಹೊಲದ ಬದುವಿನಲ್ಲಿ ಪೊದೆಯೊಳಗೆ ಮುಚ್ಚಿಹೋಗಿದ್ದ ಶಾಸನದ ಕಲ್ಲು ಸಿಕ್ಕಿತು. ಪೊದೆ ಕಡಿದು, ಕಲ್ಲು ತೊಳೆದು, ಕಾಗದ ಅಂಟಿಸಿ, ಒಣಗಲಿ ಎಂದು ಹುಣಸೆ ಮರದ ಕೆಳಗೆ ಕೂತೆ. ಕಣ್ಣು ಮುಚ್ಚಿತು.

ಎಚ್ಚರವಾದಾಗ ಕಾಗದದ ಮೇಲೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ರೇಷ್ಮೆ ಬಿಚ್ಚುವ ಮನೆಗಳ ಹೆಂಗಸರು ಕೆಲಸ ಮುಗಿಸಿ ಆ ದಾರಿಯಾಗಿ ಹೋಗಿದ್ದರಂತೆ. ಅವರ ಕಣ್ಣಿಗೆ, ಯಾರೋ ಕಲ್ಲಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಉಡಿಸಿದ್ದಾರೆ. ಬರಿಗೈಯಲ್ಲಿ ಹೇಗೆ ಮುಂದೆ ಹೋಗುವುದು? ನಾನು ಇನ್ನೊಂದು ಕಾಗದ ಅಂಟಿಸಿ, ಈ ಸಲ ನಿಂತೇ ಕಾದು, ಅಚ್ಚು ತೆಗೆದುಕೊಂಡು ಬಂದೆ. ಕಚೇರಿಯಲ್ಲಿ ಅರಿಶಿನದ ವಿಷಯ ಹೇಳಲಿಲ್ಲ.

ಒಂದೆರಡು ತಿಂಗಳ ಮೇಲೆ ಅದೇ ದಾರಿಯಲ್ಲಿ ಬಂದೆ. ಕಲ್ಲಿಗೆ ಹೆಂಚಿನ ಸೂರು ಬಂದಿತ್ತು. ಮುಂದೆ ಒಬ್ಬ ಹೆಂಗಸು ರಂಗೋಲಿ ಹಾಕುತ್ತಿದ್ದಳು.

"ಇದು ಯಾವ ದೇವರು?"

"ಕಾಗದದಮ್ಮ. ಭಾಳ ಸತ್ಯ. ಯಾರೋ ಪುಣ್ಯಾತ್ಮರು ಸೈಕಲ್ ಮೇಲೆ ಬಂದು, ಇಡೀ ದಿನ ಉಪವಾಸ ಇದ್ದು, ಪ್ರತಿಷ್ಠೆ ಮಾಡಿ ಹೋದರಂತೆ."

ಉಪವಾಸವಿದ್ದದ್ದು ನಿಜ, ಬುತ್ತಿಯನ್ನು ಬಸ್ಸಿನಲ್ಲಿ ಮರೆತಿದ್ದೆ. ಸೂರು ಹಾಕಿದ್ದರಿಂದ ಅಕ್ಷರಗಳು ಮಳೆಯಲ್ಲಿ ಸವೆಯುವುದಾದರೂ ತಪ್ಪುತ್ತದಲ್ಲ ಎಂದು ಸಮಾಧಾನಪಟ್ಟು, ಸ್ವಲ್ಪ ಹತ್ತಿರ ಹೋಗಿ ನೋಡಲು ಬಗ್ಗಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಗದರಿದಳು: "ಚಪ್ಪಲಿ ಆಚೆ ಬಿಡ್ರೀ! ಸೈಕಲ್ ಬೇರೆ ತಂದು ಎದುರಿಗೇ ನಿಲ್ಸಿದ್ದೀರ, ದೇವರು ದಿಂಡರು ಅಂತ ಒಂದಿಷ್ಟಾದ್ರೂ ಬೇಡವಾ?"

೪. ಮೇಲಧಿಕಾರಿಗಳ ಪರಿಶೀಲನೆ

ಬೇಸಿಗೆ ಮುಗಿಯುತ್ತ ಬಂದಾಗ ಮೇಲಧಿಕಾರಿಗಳು ಸ್ವತಃ ನೋಡಿ ತೀರ್ಮಾನಿಸುವುದಾಗಿ ಹೇಳಿದರು. ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿಯ ವೀರಗಲ್ಲನ್ನು ನಾನು ಅವರಿಗೆ ತೋರಿಸಬೇಕು. ಅವರು ಜೀಪಿನಲ್ಲಿ ಬಂದರು, ನಾನು ಎಂದಿನಂತೆ. ಹಳ್ಳಿಗೆ ಇನ್ನೂ ಒಂದು ಮೈಲಿ ಇರುವಾಗ ಜೀಪು ಹಳ್ಳದ ಮರಳಿನಲ್ಲಿ ಹೂತು ಕೂತಿತು.

ನಡೆಯಲು ಅವರ ಮಂಡಿ ಒಪ್ಪಲಿಲ್ಲ. ಲೇಡೀಸ್ ಸೈಕಲ್ಲನ್ನು ತಾವೇ ತುಳಿಯಲು ಅವರ ಹುದ್ದೆ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಆಕಾಶ ನೋಡಿ, ಕೋಟಿನ ಗುಂಡಿ ಹಾಕಿಕೊಂಡು, ಹಿಂದಿನ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ಆ ಒಂದು ಮೈಲಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ಅವರು ಪುಷ್ಟಿಯಾಗಿದ್ದರು.

ನಾವಿಬ್ಬರೂ ಮರೆತಿದ್ದ ಸಂಗತಿಯೊಂದಿತ್ತು. ಆ ದಿನಗಳಲ್ಲಿ ಆ ಕಡೆಯ ಹಳ್ಳಿಗೆ ಸೈಕಲ್ ಮೇಲೆ ಬರುವ ಹೆಂಗಸೆಂದರೆ ಕುಟುಂಬ ಯೋಜನೆಯವರೇ. ಗಂಡಸರನ್ನು ಒಪ್ಪಿಸಿ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಕರೆದುಕೊಂಡು ಹೋಗುವುದು ಅವರ ಕೆಲಸ. ಆ ವಾರ ಹತ್ತಿರದಲ್ಲೇ ಒಂದು ಶಿಬಿರವೂ ನಡೆಯುತ್ತಿತ್ತು.

ನಾವು ಊರು ಹೊಕ್ಕ ಕೂಡಲೆ ಗಂಡಸರೆಲ್ಲ ಮಾಯವಾದರು. ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಒಬ್ಬ ಅಜ್ಜಿ ಮಾತ್ರ ಉಳಿದಳು. ಆಕೆ ಕ್ಯಾರಿಯರ್ ಮೇಲಿದ್ದವರನ್ನು ನೋಡಿ ಮರುಗಿದಳು.

"ಅಯ್ಯೋ, ಇಷ್ಟು ವಯಸ್ಸಾದೋರ್ನೂ ಬಿಡಾಕಿಲ್ವಾ ತಾಯಿ ನೀನು? ತಲೆ ಎಲ್ಲ ನರೆತೋಗದೆ, ಇನ್ಯಾಕೆ ಬುಡು ಅವರ್ನ!"

ಸಾಹೇಬರು ಗಂಭೀರವಾಗಿ ಇಳಿದರು. "ಅಜ್ಜಿ, ನಾನಾಗೇ ಇಷ್ಟಪಟ್ಟು ಬಂದಿದ್ದೀನಿ. ಸರ್ಕಾರಿ ಕೆಲಸ ಇದು."

"ನೀನಾಗೇ ಬಂದ್ಯಾ?" ಅಜ್ಜಿಯ ಮೊರ ನಿಂತಿತು. "ಮಕ್ಕಳೆಷ್ಟಪ್ಪ ನಿಂಗೆ?"

ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಸಾಹೇಬರ ಅಭ್ಯಾಸ. "ಒಂಬತ್ತು."

ಅಜ್ಜಿ ಮೊರವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಕರ್ಕೊಂಡೋಗವ್ವ. ಬಿರ್ರನೆ ಕರ್ಕೊಂಡೋಗು."

ಅಪಾಯ ತಮಗಲ್ಲವೆಂದು ಗೊತ್ತಾದ ಮೇಲೆ ಗಂಡಸರು ಗೋಡೆಗಳ ಹಿಂದಿನಿಂದ ಒಬ್ಬೊಬ್ಬರಾಗಿ ಹೊರಬಂದರು. ಒಬ್ಬ ಎಳನೀರು ಕೆತ್ತಿ ಕೊಟ್ಟ. ಇನ್ನೊಬ್ಬ ಸಾಹೇಬರ ಭುಜ ತಟ್ಟಿ ಧೈರ್ಯ ಹೇಳಿದ: "ಹೆದರ್ಕೋಬೇಡಿ ಸಾರ್. ನಮ್ಮ ಭಾವನೂ ಮಾಡಿಸ್ಕೊಂಡ. ಒಂದ್ವಾರಕ್ಕೆಲ್ಲ ಗುದ್ದಲಿ ಹಿಡಿದ. ನೀವು ಕುರ್ಚಿ ಮೇಲೆ ಕೂತ್ಕೊಳ್ಳೋರು, ನಿಮಗೇನು!"

ಸಾಹೇಬರಿಗೆ ಅರ್ಥವಾದದ್ದು ಆಗ. ಅವರ ಮುಖ ಎಳನೀರಿನ ಹಿಂದೆ ಬಹಳ ಹೊತ್ತು ಮರೆಯಾಗಿತ್ತು. ವೀರಗಲ್ಲು ಅಲ್ಲೇ ನಾಲ್ಕು ಹೆಜ್ಜೆಯಲ್ಲಿತ್ತು, ಅವರು ನೋಡಲಿಲ್ಲ. ಊರಿನವರೆಲ್ಲ ಬಂದು, ಅವರನ್ನು ಕೈಹಿಡಿದು ಕ್ಯಾರಿಯರ್ ಮೇಲೆ ಕೂರಿಸಿ, "ದಾರೀಲಿ ಇಳಿಸ್ಬೇಡವ್ವ, ಮನಸ್ಸು ಬದಲಾಯಿಸ್ತಾರೆ" ಎಂದು ನನಗೆ ಎಚ್ಚರಿಕೆ ಹೇಳಿ ಕಳಿಸಿದರು.

ಜೀಪಿನ ಹತ್ತಿರ ಇಳಿದು ಸಾಹೇಬರು ಕೋಟು ಸರಿಮಾಡಿಕೊಂಡರು. ಚಾಲಕ ಮರಳು ತೋಡುತ್ತಿದ್ದ. ಬೇಸಿಗೆಯೆಲ್ಲ ಬಿದ್ದು ಎದ್ದದ್ದು ವ್ಯರ್ಥವಾಯಿತೆಂದು ನಾನು ತಲೆ ತಗ್ಗಿಸಿ ನಿಂತೆ.

"ಪ್ರವಾಸದ ಕೆಲಸ ನಿಮಗೇ ಇರಲಿ," ಎಂದರು.

"ಕಾಯಂ ಆಗಿಯೇ ಸರ್?"

ಅವರು ಚಾಲಕನ ಕಡೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದರು. "ಕಾಯಂ. ಆಫೀಸಿನವರ ಹತ್ತಿರ ಕೂತು ಮಾತಾಡೋ ಸಂದರ್ಭ ನಿಮಗೆ ಯಾವತ್ತೂ ಬರಬಾರದು."