ಕೊಕ್ಕು ಹಾರೀತ್ರಿ, ಮಾಲಕ್ರ!

ಒಂದು ಕಟ್ಟಿಗೆಯಲ್ಲಿ ತಗ್ಗು ಕೊರೆದು, ಅದರೊಳಗೆ ಬೇರೆ ಬಣ್ಣದ ಕಟ್ಟಿಗೆಯ ಚಿತ್ತಾರ ಕೂರಿಸುವುದು ನನ್ನ ಉದ್ಯೋಗ. ಗಂಗಾವತಿಯ ನಮ್ಮ ಅಂಗಡಿಗೆ ಕಂಪ್ಯೂಟರ್ ಮಷೀನು ಬಂದಾಗ ಕಷ್ಟವೆಲ್ಲ ತೀರಿತು ಅಂದುಕೊಂಡೆ. ತೀರಿದ್ದು ನನ್ನ ತಾಳ್ಮೆ. ದೊಡ್ಡ ಹೂವು, ಬಳ್ಳಿ ಎಲ್ಲ ಛಲೋ ಬರುತ್ತವೆ. ತುದಿಯ ಸಣ್ಣ ಎಳೆ ಮಾತ್ರ ಚಿಟ್ಟನೆ ಸೀಳಿ ಹಾರುತ್ತದೆ. ಅದೂ ಗಿರಾಕಿ ಎದುರಿಗೆ ನಿಂತಾಗಲೇ.

ಗಿಳಿ

ನವಲಿಯ ರೈತರೊಬ್ಬರು ಬಾಗಿಲಿಗೆ ಜೋಡಿ ಗಿಳಿ ಬೇಕೆಂದರು. ನಮ್ಮ ಮಷೀನು ನಡೆಸುವವನಿಗೆ ಎಲ್ಲದರಲ್ಲೂ ಅವಸರ. ಅವನು ಕೊಯ್ದ ಒಂದು ಗಿಳಿಗೂ ಕೊಕ್ಕಿಲ್ಲ.

"ಕೊರಿಯೋ ಬಿಟ್ ಮೊಂಡಾಗೈತಿ, ತಗದು ಹೊಸಾದು ಹಾಕು, ಹಗೂರ ಓಡಸು ಅಂತ ಎಷ್ಟ ಸಲ ಹೇಳ್ಲೋ?" ಎಂದು ರೇಗಿ ಊಟಕ್ಕೆ ಹೋದೆ.

ತಿರುಗಿ ಬಂದರೆ ಅವನು ಫೋನಿನಲ್ಲಿ ಆ ರೈತರಿಗೇ ನಯವಾಗಿ ಹೇಳುತ್ತಿದ್ದ: "ಗಿಳಿ ಕೊಕ್ಕು ಭಾಳ ಚೂಪ್ರಿ, ಮುರೀತೈತಿ. ಅದರ ಬದ್ಲಿ ಗೂಗಿ ಕುಂದ್ರಸೂಣೇನ್ರಿ? ಮಾರಿ ದುಂಡಗಿರತೈತಿ, ಎಲ್ಲೂ ಮುರಿಯಂಗಿಲ್ಲ."

ಬಾಗಿಲಿಗೆ ಗೂಬೆಯೇ! ನಾನು ಫೋನು ಕಸಿದುಕೊಂಡೆ. ಆ ಕಡೆಯಿಂದ ರೈತರು ಗುಡುಗಿದರು: "ಫೋನ್ ಹಿಡಕೊಂಡು ಕುಂತೈತಲ್ಲ ಒಂದು ಗೂಗಿ, ಅದು ನಿಮ್ಮ ಅಂಗಡ್ಯಾಗ ಇರ್ಲಿ. ನನ್ನ ಮನಿಗೆ ಬ್ಯಾಡ!"

ನವಿಲು

ಕೊಯ್ಯುವ ಮೊದಲು ಕಟ್ಟಿಗೆ ಮೇಲೆ ಕಾಗದದ ಟೇಪು ಅಂಟಿಸಿದರೆ ಎಳೆಗಳು ಸೀಳುವುದಿಲ್ಲ ಎಂದು ಆಮೇಲೆ ಕಲಿತೆ. ನವಿಲಿನ ಜುಟ್ಟು ಕೂದಲೆಳೆಯಷ್ಟು ಸಣ್ಣಗೆ, ಒಂದೂ ಮುಕ್ಕಾಗದೆ ಬಂತು. ಟೇಪನ್ನು ಕಟ್ಟಿಗೆಯ ಎಳೆಯ ಉದ್ದಕ್ಕೆ ಮೆಲ್ಲಗೆ ಬಿಚ್ಚಬೇಕು. ಬಿಚ್ಚುವ ಮುಂಚೆಯೇ ನವಿಲು ಮಾಡಲು ಹೇಳಿದ್ದ ಕುಷ್ಟಗಿಯ ಗಿರಾಕಿ ಒಳಗೆ ಬಂದರು.

"ಇದ್ಯಾಕ್ರಿ ನವಿಲಿಗೆ ಪಟ್ಟಿ ಕಟ್ಟೀರಿ?" ಅಂದವರೇ, "ಮುಟ್ಟಬ್ಯಾಡ್ರೀ!" ಎಂದು ನಾನು ಕೂಗುವುದರೊಳಗೆ ಪರ್ರನೆ ಅಡ್ಡಡ್ಡ ಎಳೆದರು. ಜುಟ್ಟು ಟೇಪಿನ ಜೊತೆ ಬಂತು. ನಾನು ತಲೆ ಹಿಡಿದು ಕೂತೆ. ಅವರು ಟೇಪನ್ನು ಹಾಗೇ ಮತ್ತೆ ಅಂಟಿಸಿ ಹೇಳಿದರು: "ಗಾಯಾ ಇನ್ನಾ ಹಸಿ ಐತಿ ಬಿಡ್ರಿ. ಸೋಮವಾರ ಬರ್ತೀನಿ."

ಸ್ವಾಗತ

ಯಲಬುರ್ಗಾದ ನಿವೃತ್ತ ಮೇಷ್ಟ್ರೊಬ್ಬರು ಮಗಳನ್ನು ಕೊಟ್ಟ ಬೀಗರು ಮೊದಲ ಸಲ ಮನೆಗೆ ಬರುತ್ತಾರೆಂದು ಬಾಗಿಲ ಮೇಲೆ 'ಸ್ವಾಗತ' ಎಂದು ಕೂರಿಸಲು ಹೇಳಿದರು. "ಬೀಗರು ಭಾಳ ಸಿಟ್ಟಿನವರು, ಒಂದಕ್ಷರ ತಪ್ಪಬಾರ್ದು" ಎಂದರು. ಹೊಸ ಬಿಟ್ ಹಾಕಿ, ಎಳೆ ಬಿಗಿಯಾಗಲೆಂದು ಮೊದಲೇ ತೆಳ್ಳಗೆ ಪಾಲಿಶ್ ಹೊಡೆದು, ಟೇಪು ಅಂಟಿಸಿ, ನಾನೇ ನಿಂತು ಕೊಯ್ಯಿಸಿದೆ. ಮುತ್ತಿನಂಥ ಅಕ್ಷರ. ಹಲಗೆಯನ್ನು ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಒಯ್ದು, ಬಾಗಿಲ ಮೇಲೆ ಕೂಡಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದೆ.

ಟಕ್ ಟಕ್ ಸದ್ದು ಕೇಳಿ ಓಡಿಬಂದರೆ, ಮೇಷ್ಟ್ರು ಮಾವಿನ ತೋರಣಕ್ಕೆಂದು ಸರಿಯಾಗಿ 'ಸ್ವಾ' ಕೆಳಗೆ ಮೊಳೆ ಬಡಿಯುತ್ತಿದ್ದಾರೆ! ವಕಾರದ ಒತ್ತು ಸಿಡಿದು ಎಲ್ಲೋ ಹೋಗಿತ್ತು.

"ಒಂದ ಮೊಳಿ ಅಲ್ರೀ..." ಎಂದು ಮೇಷ್ಟ್ರು ಬೆವರಿದರು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಒತ್ತು ಹುಡುಕುತ್ತಿರುವಾಗಲೇ ಬೀಗರು ಬಂದುಬಿಟ್ಟರು. ಹೊಸ್ತಿಲಲ್ಲಿ ನಿಂತು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು:

"ಸಾ... ಗ... ತ."

ನಾನು ಎದ್ದು ಕೈ ಮುಗಿದೆ.

ಬೀಗರು ಚಪ್ಪಲಿ ಬಿಡುತ್ತ ಅಂದರು: "ಆತ್ರೀ ಬೀಗ್ರ, ಸಾಗತೀವಿ. ಉಂಡ ಮ್ಯಾಲೆ ಸಾಗಿದ್ರ ನಡೀತೈತೇನು?"