ಆಡು ಓದಿ ಮುಗಿಸಿದ ಕಾದಂಬರಿ

ನಮ್ಮ ಅಣ್ಣನಿಗೆ ಹುಚ್ಚು ಹಿಡಿದಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚು ಹಿಡಿದವರು ನಡುನಡುವೆ ಸುಧಾರಿಸುತ್ತಾರೆ! ಅಣ್ಣನಿಗೆ ಅಂಥ ಬಿಡುವೇ ಇರಲಿಲ್ಲ. ಅಚ್ಚಾದ ಕನ್ನಡ ಅಕ್ಷರ ಕಂಡರೆ ಸಾಕು, ಎತ್ತು ಹಿಂಡಿ ಕಂಡಂತೆ ಕತ್ತು ಚಾಚುತ್ತಿದ್ದ.

ಅದು ನಿಜಾಮರ ಕಾಲ. ನಮ್ಮ ಗುರುಗುಂಟಾದ ಕಡೆ ಸರ್ಕಾರಿ ಶಾಲೆಯೆಂದರೆ ಉರ್ದು ಶಾಲೆ. ಕನ್ನಡ ಪುಸ್ತಕವೇನಿದ್ದರೂ ಗದಗಿನ ಕಡೆಯಿಂದ ಬೆಲ್ಲದ ಬಂಡಿಯಲ್ಲಿ, ಬೆಲ್ಲಕ್ಕಿಂತ ಹೆಚ್ಚು ಇರುವೆ ಹತ್ತಿಸಿಕೊಂಡು ಬರಬೇಕು. ಅಣ್ಣ ಮಠದ ಅಯ್ಯನವರ ಹತ್ತಿರ ಕನ್ನಡ ಕಲಿತಿದ್ದ. ಮಹಾಪುರುಷರ ಚರಿತ್ರೆ, ರಾಜರ ಇತಿಹಾಸ, ಕಾದಂಬರಿ, ಈ ಮೂರೂ ಅವನಿಗೆ ಮೂರು ಹೊತ್ತಿನ ಊಟ. ಅವನು ಓದುತ್ತಾನೆ ಎಂದರೆ ಅವನಿಗೇ ಸಿಟ್ಟು.

"ಓದೂದು ಬ್ಯಾರೆ, ಅಭ್ಯಾಸ ಬ್ಯಾರೆ. ಓದಿದ್ದು ಮರತು ಹೊಕ್ಕೈತಿ. ಅಭ್ಯಾಸ ಮಾಡಿದ್ದು ಮೈಗೆ ಹತ್ತತೈತಿ!"

ಹತ್ತುತ್ತಿತ್ತು, ನಿಜ. ಅವನ ಮೈಗೆ ಹತ್ತಿದ್ದನ್ನು ತಿಕ್ಕಿ ತೊಳೆಯುವ ಕೆಲಸ ಅವ್ವನಿಗೂ ನನಗೂ ಬರುತ್ತಿತ್ತು!

ಒಮ್ಮೆ ಯಾವುದೋ ದೊಡ್ಡವರ ಚರಿತ್ರೆಯಲ್ಲಿ, ಅವರು ನಡೆಯುತ್ತಲೇ ಗಹನವಾಗಿ ಚಿಂತಿಸುತ್ತಿದ್ದರು ಎಂದು ಓದಿದ. ಮರುದಿನ ನೇಗಿಲು ಹೂಡಿ ಗಹನವಾಗಿ ಚಿಂತಿಸುತ್ತ ಹೊರಟವನು ನಮ್ಮ ಹೊಲದ ಬದು ಹತ್ತಿ, ಇಳಿದು, ಪಕ್ಕದವರ ಹೊಲದಲ್ಲಿ ಹೊತ್ತು ಏರುವತನಕ ಸಾಲು ಹೊಡೆದ. ನಾನು ಬುತ್ತಿ ಹೊತ್ತು ಹೋದಾಗ ಪಕ್ಕದ ಹೊಲದ ಕಾಕಾ ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತ ಮಲಗಿದ್ದ.

"ಕಾಕಾ, ನೋಡಿಕೋತ ಸುಮ್ಮ ಮಲಗೀರಲ್ರೀ!"

"ಮತ್ತೇನ್ ಮಾಡ್ಲವ್ವ ತಂಗಿ? ದೊಡ್ಡೋರ ಚಿಂತಿ ಕೆಡಸಬಾರದು. ನಿಮ್ಮಣ್ಣಗ ಇನ್ನೊಂದು ಪುಸ್ತಕ ಕೊಡಸು. ನಂದಿನ್ನ ಅರ್ಧ ಹೊಲ ಉಳದೈತಿ!"

ಮಹಾಪುರುಷರು ಹುಟ್ಟಿದಾಗ ಏನಾದರೊಂದು ಸೂಚನೆ ಆಗಿಯೇ ಇರುತ್ತದೆಯಂತೆ. ಅಣ್ಣ ಅವ್ವನನ್ನು ಹಿಡಿದು ಕೂಡಿಸಿದ.

"ನಾ ಹುಟ್ಟಿದಾಗ ಏನರ ಆಗಿತ್ತೇನಬೇ ಯವ್ವಾ? ನೆಪ್ಪು ಮಾಡ್ಕೊ."

ಅವ್ವ ಬಹಳ ಹೊತ್ತು ಯೋಚಿಸಿ ಹೇಳಿದಳು: "ಆಗಿತ್ತಪ್ಪ. ಎಮ್ಮಿ ಹಾಲು ಕೊಡೂದು ಬಿಟ್ಟಿತ್ತು."

ಇನ್ನು ಇತಿಹಾಸ. ಮಸ್ಕಿಯ ಗುಡ್ಡದಲ್ಲಿ ಹಳೆಯ ಚಕ್ರವರ್ತಿಯೊಬ್ಬ ಕೆತ್ತಿಸಿದ ಬರಹ ಇದೆಯಲ್ಲ, ಅದನ್ನು ನೋಡಲು ಅಣ್ಣ ನಡೆದುಕೊಂಡೇ ಹೋದ. ಆ ಚಕ್ರವರ್ತಿ ಯುದ್ಧ ಗೆದ್ದ ದಿನವೇ ದುಃಖಪಟ್ಟು ಕತ್ತಿ ಕೆಳಗಿಟ್ಟನಂತೆ. ಚರಿತ್ರೆ ಹೊರಳಿದ ಜಾಗ ನೋಡಿಬಂದವನು ಹೊರಳದೆ ಇರುತ್ತಾನೆಯೇ? ಅದೇ ವಾರ ಎದುರುಮನೆಯವರ ಎಮ್ಮೆ ನಮ್ಮ ಬಣವೆಗೆ ಬಾಯಿ ಹಾಕಿತು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಬೀದಿಗೆ ಇಳಿದಳು. ಎದುರುಮನೆಯವಳೂ ಇಳಿದಳು. ಮಾತು ಇನ್ನೇನು ಸತ್ತವರ ತನಕ ಏರಬೇಕು, ಅಷ್ಟರಲ್ಲಿ ಅಣ್ಣ ನಡುವೆ ಕೈಕಟ್ಟಿ ನಿಂತ. ಕಣ್ಣಲ್ಲಿ ನೀರು.

"ಬ್ಯಾಡಬೇ ಯವ್ವಾ, ಬ್ಯಾಡ. ಗೆದ್ದೋರಿಗೇ ದುಃಖ ಜಾಸ್ತಿ."

"ಮೊದ್ಲು ಗೆಲ್ಲಾಕರ ಬಿಡೋ ಭಾಡ್ಯಾ! ಆಮ್ಯಾಲ ಕುಂತು ದುಃಖ ಪಡ್ತೀನಿ!"

ಬೀದಿಯೆಲ್ಲ ನಕ್ಕು, ಎದುರುಮನೆಯವಳೂ ನಕ್ಕು, ಜಗಳ ಅಲ್ಲಿಗೇ ಸತ್ತಿತು. ಹಾಗೆ ನೋಡಿದರೆ ಚಕ್ರವರ್ತಿಯೇ ಗೆದ್ದ.

ಆದರೆ ಮಸ್ಕಿಯಿಂದ ಅವನು ತಂದದ್ದು ಬರೀ ಶಾಂತಿಯಲ್ಲ. ಬಂಡೆಯ ಮುಂದೆ ಬಿಸಿಲಲ್ಲಿ ಒಣಗುತ್ತ ನಿಂತಿದ್ದವನಿಗೆ ನೀರಿನ ಕೊಡ ಹೊತ್ತ ಹುಡುಗಿಯೊಬ್ಬಳು ನೀರು ಕೊಟ್ಟು, "ಏನ್ ಬರದೈತ್ರಿ ಅದರಾಗ?" ಎಂದು ಕೇಳಿದಳಂತೆ. ಅದು ಯಾವ ಕಾಲದ ಲಿಪಿಯೋ! "ನನಗೂ ಓದಾಕ ಬರಂಗಿಲ್ಲ" ಎಂದನಂತೆ ಅಣ್ಣ. "ಮತ್ತ ಇಷ್ಟೊತ್ತಿಂದ ಏನ್ ನೋಡಾಕತ್ತೀರಿ?" ಎಂದು ಅವಳು ನಕ್ಕಳಂತೆ. ಆ ಪ್ರಶ್ನೆಗೆ ಉತ್ತರ ಹೊಳೆಯದೆ ಊರಿಗೆ ಬಂದವನು, ಮೂರೇ ದಿನಕ್ಕೆ ಅವ್ವನನ್ನು ಹೆಣ್ಣು ಕೇಳಲು ಕಳಿಸಿದ. ಕುಲ, ಮನೆ ಎಲ್ಲ ಹೊಂದಿದವು. ವೀಳ್ಯ ಆಯಿತು.

ಆಗಲೇ ನಮ್ಮ ಮನೆಗೆ ಆ ಕಾದಂಬರಿ ಕಾಲಿಟ್ಟದ್ದು. ಮೇಲಿನ ರಟ್ಟು ಹೋಗಿ ಹೆಸರೂ ಇಲ್ಲ, ಬರೆದವರೂ ಯಾರೋ ತಿಳಿಯದು. ಒಬ್ಬ ಹುಡುಗಿ, ಪಾಪ, ಹೊಳೆಯ ಈಚೆ ದಂಡೆಗೆ ನಿಂತಿದ್ದಾಳೆ. ಆಚೆ ದಂಡೆಗೆ ಅವಳನ್ನು ಮೆಚ್ಚಿದ ಹುಡುಗ. ಹಿಂದಿನಿಂದ ಅವಳ ಮನೆಯವರು ಬಡಿಗೆ ಹಿಡಿದು ಬರುತ್ತಿದ್ದಾರೆ. ಹೊಳೆ ತುಂಬಿ ಬಂದಿದೆ. ಅಣ್ಣ ಅಲ್ಲಿಗೆ ಗುರುತಿಗೊಂದು ನವಿಲುಗರಿ ಇಟ್ಟು, "ಸಂಜಿಗೆ ಅಭ್ಯಾಸ ಮುಗಸ್ತೀನಿ" ಎಂದು ಹೊಲಕ್ಕೆ ಹೋದ.

ಈಗ ನನ್ನ ಪಾಪದ ಕಥೆ. ಇಷ್ಟು ಹೊತ್ತು ಅಣ್ಣನನ್ನು ನಗೆಗೆ ಈಡುಮಾಡಿದ್ದೇ ಇದನ್ನು ಮುಂದೂಡಲು!

ಆ ದಿನ ಬುತ್ತಿಗೆ ಒಗ್ಗರಣೆ ಹಾಕಿದ ಮಂಡಕ್ಕಿ ಮಾಡಿದ್ದೆ. ಕಟ್ಟಲು ಮುತ್ತಲದ ಎಲೆ ಮುಗಿದಿದ್ದವು. ಕಣ್ಣಿಗೆ ಬಿದ್ದದ್ದು ಪುಸ್ತಕ. ಹರಿಯುವುದೇ? ಛೆ! ಆದರೆ ನಾನೂ ಶಾಲೆಯ ಮುಖ ನೋಡಿದವಳೇ. ಅಪ್ಪ ತೀರಿ ಹೊಲ ಅಣ್ಣನ ಕೈಗೆ ಬಂದು, ಬುತ್ತಿ ಒಯ್ಯುವವರು ಯಾರೂ ಇಲ್ಲವೆಂದು ನನ್ನನ್ನು ಬಿಡಿಸುವವರೆಗೆ ಉರ್ದು ಶಾಲೆಗೆ ಹೋಗಿದ್ದೆ. ಅಲಿಫ್, ಬೇ ಬರುತ್ತಿದ್ದವು. ಪುಸ್ತಕವನ್ನು ಹೇಗೆ ಹಿಡಿಯಬೇಕು, ಯಾವ ಕಡೆಯಿಂದ ತೆರೆಯಬೇಕು ಎಂಬುದನ್ನು ಛಡಿ ಏಟು ತಿಂದು ಕಲಿತಿದ್ದೆ. ಹಾಗೆಯೇ ಬಲಗಡೆಯಿಂದ ತೆರೆದೆ. ಅಣ್ಣ ಬಹಳ ದೂರ ಓದಿದ್ದಾನೆ, ಮೊದಲಿನ ಹಾಳೆಗಳು ಅವನಿಗಿನ್ನು ಯಾಕೆ ಬೇಕು? ಹೀಗೆ ಎಲ್ಲ ವಿಚಾರ ಮಾಡಿ, ಮೊದಲಿನ ಒಂದು ಹಿಡಿ ಹಾಳೆಯನ್ನು ಮೆಲ್ಲಗೆ, ಪ್ರೀತಿಯಿಂದ ಹರಿದೆ.

ಹೊಲದಲ್ಲಿ ಅಣ್ಣ ಮಂಡಕ್ಕಿ ತಿನ್ನುತ್ತ ಕುರಿ ಕಾಯುವವನಿಗೆ ಚಕ್ರವರ್ತಿಯ ಯುದ್ಧ ವರ್ಣಿಸುತ್ತಿದ್ದ. ಆನೆಗಳು ಬಂದವು, ಕುದುರೆಗಳು ಬಂದವು. ಕೈಯಲ್ಲಿ ಏನಿದೆ ಎಂದು ನೋಡಲು ಪುರುಸೊತ್ತೆಲ್ಲಿ? ತಿಂದು, ಎಣ್ಣೆಗೈಯನ್ನು ಹಾಳೆಗೆ ಚೆನ್ನಾಗಿ ಒರೆಸಿ, ಮುದುಡಿ ಎಸೆದ. ಆಡೊಂದು ಬಂದು ಅದನ್ನು ಸಾವಕಾಶವಾಗಿ ಅಗಿದು ನುಂಗಿತು. ನಾನು ನೋಡುತ್ತಲೇ ಇದ್ದೆ.

ಸಂಜೆ ಮನೆಯಲ್ಲಿ ಹೆಣ ಬಿದ್ದಂಥ ಕೂಗು!

"ಯವ್ವಾ! ಕಡೀ ಹಾಳಿ ಇಲ್ಲ! ಹುಡುಗಿ ದಂಡಿ ಮ್ಯಾಲೇ ನಿಂತಾಳ!"

ನಾನು ಧೈರ್ಯವಾಗಿಯೇ ಇದ್ದೆ. ನಾನು ಹರಿದದ್ದು ಮೊದಲಿನವು. ಕೊನೆಯವನ್ನು ಯಾರು ಹರಿದರೋ! ಕದ್ದು ಹೋಗಿ ನೋಡಿದರೆ ಪುಸ್ತಕದಲ್ಲಿ ಹರಿದ ಜಾಗ ಒಂದೇ ಇತ್ತು. ನನ್ನದೇ. ಮೊದಲು ಹೇಗೆ ಕೊನೆಯಾಯಿತು? ಕೇಳಿದರೆ ಸಿಕ್ಕಿಬೀಳುತ್ತೇನೆ, ಕೇಳದಿದ್ದರೆ ತಲೆ ಸಿಡಿಯುತ್ತದೆ. ಅಷ್ಟರಲ್ಲಿ ಅಣ್ಣನೇ "ಇಲಿ ತಿಂದಾವ" ಎಂದು ತೀರ್ಪು ಕೊಟ್ಟು ನನ್ನನ್ನು ಉಳಿಸಿದ. ಮರುದಿನ ಬೆಕ್ಕು ಬಂತು. ಅದು ಇಲಿಯನ್ನು ಮುಟ್ಟಲಿಲ್ಲ, ಹಾಲನ್ನು ಬಿಡಲಿಲ್ಲ. ಬೆಕ್ಕಿಗೆ ಬಿದ್ದ ಒಂದೊಂದು ಬೈಗುಳವೂ ನನ್ನ ಎದೆಗೆ ಬೀಳುತ್ತಿತ್ತು.

ಅಣ್ಣ ಘೋಷಿಸಿದ: "ಅಕಿ ಹೊಳಿ ದಾಟೂತನ ನಾ ಬಾಸಿಂಗ ಕಟ್ಟಂಗಿಲ್ಲ. ಒಬ್ಬಾಕಿನ್ನ ದಂಡಿ ಮ್ಯಾಲೆ ಬಿಟ್ಟು ಇನ್ನೊಬ್ಬಾಕಿ ಕೈ ಹೆಂಗ ಹಿಡೀಲಿ?"

ಆಮೇಲೆ ಕೊನೆಯನ್ನು ಹುಡುಕಿಕೊಂಡು ಹೊರಟ. ಲಿಂಗಸುಗೂರಿನ ಕಚೇರಿಯಲ್ಲಿ ಅರ್ಜಿ-ಕಾಗದ ನೋಡುವ ಪೇಶಕಾರರೊಬ್ಬರು ಬಹಳ ಓದಿದವರು ಎಂದು ಕೇಳಿ ಅಲ್ಲಿಗೆ ಹೋದ.

"ಓದೀನಪಾ, ಓದೀನಿ! ಆಖೀರಕ್ಕ ಹುಡುಗಿ ಅರ್ಜಿ ಹಾಕಿದ್ಲು. ಮಂಜೂರಾತು. ದಾಟಿದ್ಲು."

"ಹೊಳಿ ದಾಟಾಕ ಅರ್ಜಿ ಯಾಕ್ರೀ?"

"ಯಾಕಂದ್ರ? ಹೊಳಿ ಸರ್ಕಾರದ್ದಲ್ಲೇನು?"

ಸಿಂಧನೂರಿನ ಹತ್ತಿ ಸಾಹುಕಾರರೂ ಓದಿದ್ದರು! "ದಾಟಲಿಲ್ಲೋ ತಮ್ಮಾ. ಆಚೀ ದಂಡಿಗೆ ಹತ್ತಿ ಧಾರಣಿ ಬಿದ್ದಿತ್ತು. ಶ್ಯಾಣೇ ಹುಡುಗಿ, ಈಚೀ ದಂಡಿಗೇ ಅಂಗಡಿ ಇಟ್ಲು." ಹಟ್ಟಿಯ ಚಿನ್ನದ ಗಣಿಯ ಮೇಸ್ತ್ರಿಯಂತೂ ಕೈ ಬೀಸಿಯೇ ಬಿಟ್ಟ: "ದಾಟೂದ್ಯಾಕ? ಹೊಳಿ ಕೆಳಗ ಸುರಂಗ ಹೊಡದ್ರಾತು!"

ಅಣ್ಣ ಪ್ರತಿ ಸಲ ಕೆಂಪು ಧೂಳು ಮೆತ್ತಿದ ಕಾಲೆಳೆಯುತ್ತ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದ. "ಯಾರೂ ಓದಿಲ್ಲ ತಂಗಿ. ಓದಿದ್ರ ಹೇಳೂಮುಂದ ದನಿ ನಡುಗ್ತಿತ್ತು" ಎನ್ನುತ್ತಿದ್ದ. ನನ್ನ ದನಿ ನಡುಗುತ್ತಿತ್ತು. ಅವನು ಗಮನಿಸಲಿಲ್ಲ.

ಇತ್ತ ಮಸ್ಕಿಗೆ ಸುದ್ದಿ ಮುಟ್ಟಿತು. ಹುಡುಗಿಯ ತಂದೆ ಮೀಸೆ ಕುಣಿಸುತ್ತ ಬಂದರು.

"ಅದ್ಯಾವಾಕಿನ್ನೋ ಹೊಳಿ ದಂಡಿ ಮ್ಯಾಲೆ ಇಟ್ಟೀಯಂತಲ್ಲ? ಯಾವೂರಾಕಿ? ಎಲ್ಯಾಳ?"

"ಪುಸ್ತಕದಾಗದಾಳ್ರೀ ಮಾವಾರೇ."

ಅವರು ಉಸ್ಸೆಂದು ಕೂತರು. ಒಂದು ತಂಬಿಗೆ ನೀರು ಕುಡಿದರು. ಆಮೇಲೆ ಇನ್ನೂ ಹೆಚ್ಚು ಗಾಬರಿಯಾದರು. "ಖರೇ ಹೆಣ್ಣಮಗಳಾಗಿದ್ರ ನಾಕು ಮಂದಿ ಕೂಡಿಸಿ ಬಿಡಸ್ತಿದ್ದೆ. ಪುಸ್ತಕದಾಗಿನಾಕಿನ್ನ ಹೆಂಗ ಬಿಡಸಲಿ, ಬೀಗ್ತೀ?" ಎಂದು ಅವ್ವನನ್ನು ಕೇಳಿದರು. ಅವ್ವನಿಗೂ ಗೊತ್ತಿರಲಿಲ್ಲ. ಅಮಾವಾಸ್ಯೆಯೊಳಗೆ ಹೂಂ ಎನ್ನದಿದ್ದರೆ ಸಿಂಧನೂರಿನ ಬೇರೆ ವರನಿಗೆ ಕೊಡುತ್ತೇನೆಂದು ಹೇಳಿ ಬಂಡಿ ಹತ್ತಿದರು.

ಅಣ್ಣ ಆ ದಿನದಿಂದ ಎತ್ತುಗಳಿಗೆ ಕೂಡ ಇತಿಹಾಸ ಹೇಳುವುದನ್ನು ಬಿಟ್ಟ. ನನ್ನ ರೊಟ್ಟಿಗಳು ಸೀದವು, ಒಡೆದವು. ಬಾಯಿ ಬಿಡಬೇಕೆಂದು ಎದ್ದು ಹೋಗುವುದು, ಅವನ ಮುಖ ನೋಡಿ "ನೀರು ಕುಡೀತೀಯೇನಣ್ಣಾ?" ಎಂದು ಕೇಳಿ ಬರುವುದು. ಹೊಟ್ಟೆ ತುಂಬ ನೀರು ಕುಡಿದು ಅವನೂ ಸೋತ!

ಕೊನೆಗೆ, ಅಮಾವಾಸ್ಯೆ ಹತ್ತಿರ ಬಂದಾಗ, ಬಳೆಗಾರ್ತಿಯೊಬ್ಬಳು ಮಸ್ಕಿಯಿಂದ ಬಂದಳು. ನನ್ನ ಕೈಗೆ ಬಳೆ ಏರಿಸುತ್ತ ಪಿಸುಗುಟ್ಟಿದಳು: "ಹುಡುಗಿ ಹೇಳಿ ಕಳಿಸ್ಯಾಳ. ಪುಸ್ತಕದಾಕಿ ದಾಟಿದ್ಲೋ ಬಿಟ್ಲೋ ನನಗ ಗೊತ್ತಿಲ್ಲ, ನಾನಂತೂ ದಂಡಿ ಮ್ಯಾಲೆ ನಿಂತೀನಿ ಅಂತ."

ಅಣ್ಣ ಆಗ ಒಳಗೆ ಒಲೆಯ ಹತ್ತಿರವೇ ಕುಳಿತು ನವಿಲುಗರಿ ತಿರುವುತ್ತಿದ್ದ. ನಾನು ಪರಾತದಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯಲು ಕುಳಿತೆ. ಮಸ್ಕಿಯ ಹುಡುಗಿಯ ಮಾತನ್ನು ಅವನಿಗೆ ಹೇಳಿದೆ. ಕೈ ಓಡಲಿಲ್ಲ.

"ಅಣ್ಣಾ, ಇಲಿ ತಿಂದಿಲ್ಲ. ಆಡು ತಿಂದೈತಿ."

"ಯಾವ ಆಡು?"

"ಹೊಲದಾಗಿಂದು. ನಾ ಹಾಳ್ಯಾಗ ಮಂಡಕ್ಕಿ ಕಟ್ಟಿದ್ದೆ. ನೀ ಕೈ ಒರಸ್ಕಂಡು ಒಗದಿ."

ಕೆನ್ನೆಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬಿದ್ದದ್ದು ನಗೆ! ಜಂತೆಯ ಮಣ್ಣು ಉದುರುವಂಥ ನಗೆ!

"ನಾನಾ? ನನ್ನ ಕೈಲೇನಾ? ಹಂಗಾರ ಊರಾಗ ಅದನ್ನ ಪೂರ್ತಿ ಅಭ್ಯಾಸ ಮಾಡಿದ್ದು ಆಡೊಂದೇ ಬಿಡು!" ಕಣ್ಣೊರೆಸಿಕೊಂಡ. "ಅಲ್ಲಲೇ ತಂಗಿ, ಹರಿಯೂದು ಹರದಿ, ಮೊದಲಿನ ಹಾಳಿ ಹರೀಬಾರದಾ? ಅವು ನಾ ಓದಿದ್ದಿದ್ವು."

"ಮೊದಲಿನ್ವೇ ಹರದೀನಣ್ಣಾ! ದೇವರಾಣಿ!"

ಅವನು ನಂಬಲಿಲ್ಲ. ನಾನು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಉರ್ದು ಶಾಲೆಯಲ್ಲಿ ಕಲಿಸಿದಂತೆ ನೆಟ್ಟಗೆ ಕುಳಿತು, ಬಲಗಡೆಯಿಂದ ತೆರೆದು ತೋರಿಸಿದೆ. "ನೋಡು. ಇಲ್ಲೇ ಅಲ್ಲೇನು ಸುರು ಆಗೂದು?"

ಅಣ್ಣನ ನಗೆ ಹಾಗೆಯೇ ನಿಂತುಹೋಯಿತು. ಪುಸ್ತಕವನ್ನಲ್ಲ, ನನ್ನ ಕೈಯನ್ನು ನೋಡಿದ. ರೊಟ್ಟಿ ಬಡಿದು ಬಡಿದು ಗಡಸಾದ ಕೈ.

"ನಿನಗ ನಮ್ಮ ಅಕ್ಷರ ಯಾರೂ ಕಲಸಲಿಲ್ಲ?"

"ಯಾರು ಕಲಸ್ತಾರಣ್ಣಾ? ಬುತ್ತಿ ತರೂದಿರತಿತ್ತಲ್ಲ."

ಬೇರೆಯವರ ದುಃಖಕ್ಕೆಲ್ಲ ಅತ್ತವನು, ಆಗ ಅಳಲಿಲ್ಲ. ಎದ್ದು ಬಾಗಿಲ ಕಡೆ ತಿರುಗಿ, "ಯವ್ವಾ, ನಾಳೆ ನಾನೇ ಮಸ್ಕಿಗೆ ಹೊಕ್ಕೀನಿ. ಅಕಿನ್ನ ನಿಂದ್ರಿಸಿದ್ದು ಸಾಕು" ಎಂದ. ಮತ್ತೆ ಬಂದು ಪರಾತದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅದರಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿದ.

"ಬೆರಳು ಕೊಡು."

ನನ್ನ ತೋರುಬೆರಳು ಹಿಡಿದು ಹಿಟ್ಟಿನ ಮೇಲೆ ಎಡಗಡೆಯಿಂದ ಎಳೆದ. ಅಕ್ಷರ ಸೊಟ್ಟಗಾಯಿತು. ಅಳಿಸಿ ಇನ್ನೊಮ್ಮೆ ಎಳೆದ.

ಅವ್ವ ಹಿಟ್ಟು ನಾದಲು ತಂಬಿಗೆ ನೀರು ಹಿಡಿದು ಬಂದಳು. ನಮ್ಮಿಬ್ಬರನ್ನೂ ನೋಡಿದಳು, ಹಿಟ್ಟನ್ನು ನೋಡಿದಳು. ನೀರು ಹಾಕಲಿಲ್ಲ. ತಂಬಿಗೆ ಕೆಳಗಿಟ್ಟು, ನನ್ನ ಪಕ್ಕದಲ್ಲಿ ಒತ್ತಿಕೊಂಡು ಕುಳಿತು, ಸೆರಗಿಗೆ ಒರೆಸಿದ ತನ್ನ ಬೆರಳನ್ನೂ ಮುಂದೆ ಚಾಚಿದಳು.